ಮಂಜೇಶನ ಭಾನುವಾರದ ಬಗ್ಗೆ ಸ್ಥಳ ಪರಿಶೀಲನಾ ವರದಿ

ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಬಾಟಲಿ ಮುಚ್ಚಳದ ಕಾರ್ಖಾನೆಯಲ್ಲಿ ಭಾನುವಾರಗಳು ವ್ಯರ್ಥವಾಗುತ್ತಿವೆ ಎಂಬ ಸಂಗತಿ ಆಡಳಿತದ ಗಮನಕ್ಕೆ ಬಂದದ್ದು ಒಂದು ಸೋಮವಾರ. ಅಂದು ಮೊದಲ ಪಾಳಿಯಲ್ಲಿ ಹನ್ನೊಂದು ಮಂದಿ ಆಕಳಿಸಿದ್ದನ್ನು ಕ್ಯಾಮೆರಾ ದಾಖಲಿಸಿತ್ತು. ಆರು ದಿನ ಬಿಡುವಿಲ್ಲದೆ ದುಡಿಸಿದ್ದರಿಂದ ಆಕಳಿಕೆ ಬಂದಿರಬಹುದೇ ಎಂಬುದನ್ನು ಪರಿಶೀಲಿಸಿ ಕೈಬಿಡಲಾಯಿತು. ಕಾರ್ಮಿಕರಿಗೆ ರಜೆ ಬಳಸಲು ಬರುವುದಿಲ್ಲ ಎಂದು ಎಚ್.ಆರ್. ಮ್ಯಾನೇಜರ್ ವೇಣುಗೋಪಾಲ್ ತೀರ್ಮಾನಿಸಿ, ವಾರಾಂತ್ಯ ಸದ್ಬಳಕೆ ಸಮಿತಿ ರಚಿಸಿದರು. ಅಧ್ಯಕ್ಷರು ಅವರೇ. ಆಫೀಸಿನಲ್ಲಿ ಕೈ ಖಾಲಿ ಇದ್ದವನು ಕಾಂತರಾಜು ಎಂಬ ನಾನೊಬ್ಬನೇ ಆದ್ದರಿಂದ ಕಾರ್ಯದರ್ಶಿ, ಪರಿಶೀಲನಾಧಿಕಾರಿ ಮತ್ತು ಟೈಪಿಸ್ಟ್ ಹುದ್ದೆಗಳು ನನ್ನ ಪಾಲಿಗೆ ಬಂದವು.

ಮೊದಲ ಸುತ್ತೋಲೆಯನ್ನು ನಾನೇ ಟೈಪ್ ಮಾಡಿದೆ. ಅದರ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ.

"ಪ್ರತಿಯೊಬ್ಬ ಕಾರ್ಮಿಕನೂ ಭಾನುವಾರ ತನ್ನ ಮನೆಯಿಂದ ಇಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲದ ದೂರದಲ್ಲಿ, ಮೂರು ಗಂಟೆಗೆ ಕಡಿಮೆಯಿಲ್ಲದ ಅವಧಿಗೆ ಸಂತೋಷವಾಗಿರತಕ್ಕದ್ದು. ಹಲ್ಲು ಸ್ಪಷ್ಟವಾಗಿ ಕಾಣುವ ಫೋಟೋ ಸಮೇತ ಸೋಮವಾರ ಎಂಟು ಗಂಟೆಯೊಳಗೆ ವರದಿ ಸಲ್ಲಿಸತಕ್ಕದ್ದು. ಸತತ ಮೂರು ಭಾನುವಾರ ಸಂತೋಷವಾಗಿರಲು ವಿಫಲರಾದವರಿಗೆ ರಜೆಯ ಅಗತ್ಯವಿಲ್ಲವೆಂದು ಭಾವಿಸಿ, ಅವರನ್ನು ಭಾನುವಾರವೂ ಪಾಳಿಗೆ ಹಾಕಿಕೊಳ್ಳಲಾಗುವುದು."

ನಮ್ಮ ಜನ ಬುದ್ಧಿವಂತರು. ಹೊಸಕೋಟೆಯಾಚೆ ಅನುಗೊಂಡನಹಳ್ಳಿ ಕಡೆ ಸೈಟು ಮಾರುವವರು ಗಿರಾಕಿಗಳಿಗೆ ಪುಕ್ಕಟೆ ಬಸ್ಸು, ಪುಕ್ಕಟೆ ಬಿರಿಯಾನಿ ಕೊಡುತ್ತಾರೆ ಎಂಬುದನ್ನು ಎರಡೇ ದಿನದಲ್ಲಿ ಪತ್ತೆ ಮಾಡಿದರು. ಅರವತ್ತು ಮಂದಿ ಭಾನುವಾರ ಹೋಗಿ, ಮೂವತ್ತು-ನಲವತ್ತರ ಸೈಟಿನ ನಾಲ್ಕು ಮೂಲೆಯ ಕಲ್ಲುಗಳ ಮೇಲೆ ನಿಂತು ಹಲ್ಲು ತೋರಿಸಿದರು. ಸಮಿತಿ ಎಲ್ಲರಿಗೂ ಪೂರ್ಣ ಅಂಕ ನೀಡಿತು.

ಸೊನ್ನೆ ಬಂದದ್ದು ಮೌಲ್ಡಿಂಗ್ ವಿಭಾಗದ ಮಂಜೇಶನಿಗೆ ಮಾತ್ರ. ಅವನ ಊರು ಸಾಸಲು ಹೋಬಳಿಯಲ್ಲಿದೆ, ಕಾರ್ಖಾನೆಯಿಂದ ಇಪ್ಪತ್ತೆರಡು ಕಿಲೋಮೀಟರ್. ಮನೆಯಲ್ಲಿ ತಾಯಿ ಅಮ್ಮಯಮ್ಮ ಮತ್ತು ಒಂದು ಸೀಮೆ ಹಸು. ವರದಿಯಲ್ಲಿ ಅವನು "ಹೊಂಗೆ ಮರದ ಕೆಳಗೆ ಮಲಗಿದ್ದೆ" ಎಂದಷ್ಟೇ ಬರೆದಿದ್ದ. ಫೋಟೋ ಇರಲಿಲ್ಲ. ಎರಡನೇ ವಾರವೂ ಅದೇ ಬರೆದ. ವೇಣುಗೋಪಾಲ್ ಅವನನ್ನು ಕರೆಸಿದರು.

"ಹಸು ಐತೆ ಸಾರ್. ಬೆಳಿಗ್ಗೆ, ಸಾಯಂಕಾಲ ಕರೀಬೇಕು. ಡೈರಿಗೆ ಹಾಲು ಹಾಕ್ಬೇಕು."

"ಮಧ್ಯೆ ಟೈಮ್ ಇರುತ್ತಲ್ಲಪ್ಪಾ?"

"ಆ ಟೈಮಲ್ಲೇ ಸಾರ್ ನಾನು ಮಲಗೋದು."

ಇದನ್ನು ಉದ್ಧಟತನವೆಂದು ಪರಿಗಣಿಸಿ ಮೆಮೊ ಕೊಡಲಾಯಿತು. ಆರು ದಿನವೂ ನಾಲ್ಕಕ್ಕೇ ಎದ್ದು ಹಾಲು ಕರೆದು, ಬಸ್ಸಿನಲ್ಲಿ ನಿಂತು ಬಂದು, ಮೆಷಿನ್ ಮುಂದೆ ನಿಲ್ಲುವ ಆ ಮನುಷ್ಯ ಆ ಮೂರು ಗಂಟೆಯ ನೆರಳಿಗಾಗಿಯೇ ವಾರ ನೂಕುತ್ತಿದ್ದ ಎಂದು ನನಗೆ ಆಮೇಲೆ ಗೊತ್ತಾಯಿತು. ಆಗಲೇ ಗೊತ್ತಿದ್ದರೂ ಮೆಮೊ ಟೈಪ್ ಮಾಡುತ್ತಿದ್ದೆ ಅನ್ನಿ.

ಮೂರನೇ ಭಾನುವಾರ ಸ್ಥಳ ಪರಿಶೀಲನೆಗೆ ನನ್ನನ್ನು ಕಳಿಸಲಾಯಿತು. ಮಂಜೇಶ ಹಗ್ಗದ ಮಂಚದ ಮೇಲೆ ಮಲಗಿದ್ದ. ಏನು ಮಾಡುತ್ತಿದ್ದೀಯ ಎಂದು ನಿಯಮದಂತೆ ಕೇಳಿದೆ. ಏನೂ ಇಲ್ಲ ಎಂದ. ಅಮ್ಮಯಮ್ಮ ಬಿಸಿ ಮುದ್ದೆ, ಬಸ್ಸಾರು, ಒಂದು ಚೊಂಬು ಮಜ್ಜಿಗೆ ತಂದಿಟ್ಟು, ಮರದ ಇನ್ನೊಂದು ಮಗ್ಗುಲಿಗೆ ಚಾಪೆ ಹಾಸಿದರು. ಊಟದ ನಂತರ ನಾನು ಮೂರು ಗಂಟೆ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಪರಿಶೀಲನೆ ನಡೆಸಿದೆ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ಅಷ್ಟು ಗಾಢವಾಗಿ ಯಾವುದನ್ನೂ ಪರಿಶೀಲಿಸಿರಲಿಲ್ಲ. "ಸದರಿ ಸ್ಥಳದಲ್ಲಿ ಸಂತೋಷ ಇರುವುದು ಕಂಡುಬಂದಿದೆ" ಎಂದು ವರದಿ ಬರೆದೆ.

ವೇಣುಗೋಪಾಲ್ ನಂಬಲಿಲ್ಲ. ಮುಂದಿನ ಭಾನುವಾರ ತಾವೇ ಹೋದರು, ದಿಂಬು ಸಮೇತ. ಸಂಜೆ ಮರಳಿದಾಗ ಅವರ ಕೆನ್ನೆಯ ಮೇಲೆ ದಿಂಬಿನ ಗೆರೆಗಳಿದ್ದವು.

ಅದೇ ವಾರ ಸೈಟಿನವರು ಬಸ್ಸು ನಿಲ್ಲಿಸಿದರು. ಒಂದು ತಿಂಗಳಿಂದ ಬಿರಿಯಾನಿ ತಿಂದವರಲ್ಲಿ ಒಬ್ಬನೂ ಸೈಟಿನ ರೇಟು ಕೇಳಿರಲಿಲ್ಲವಂತೆ. ಅರವತ್ತು ಮಂದಿ ಸಂತೋಷವಿಲ್ಲದೆ ಬೀದಿಗೆ ಬೀಳುವ ಪರಿಸ್ಥಿತಿಯಲ್ಲಿ ಸಮಿತಿ ತುರ್ತು ಸಭೆ ನಡೆಸಿ, ಹೊಂಗೆ ಮರವನ್ನು ಮಾನ್ಯತೆ ಪಡೆದ ವಿಹಾರ ಕೇಂದ್ರವೆಂದು ಘೋಷಿಸಿತು. ಭಾನುವಾರಕ್ಕೆ ಹನ್ನೆರಡು ಜನರ ಒಂದು ಬ್ಯಾಚು. ಪಾಸು ಕಡ್ಡಾಯ. ಪಾಸಿಗಾಗಿ ಸಾಲಿನಲ್ಲಿ ಇರುವವರಿಗೆ, ಸರದಿ ಬರುವವರೆಗೆ ಸಂತೋಷವಾಗಿರುವುದರಿಂದ ವಿನಾಯಿತಿ. ಕಂಪನಿ ಬಸ್ಸಿನ ವ್ಯವಸ್ಥೆಯಾಯಿತು. ಅಮ್ಮಯಮ್ಮ ಕೇಂದ್ರದ ಮೇಲ್ವಿಚಾರಕಿಯಾಗಲು ಒಪ್ಪಿದರು. ಸಂಜೆ ಹಸುವಿನ ಹಾಲು ಕರೆಯುವುದನ್ನೂ ಕಾರ್ಯಕ್ರಮಕ್ಕೆ ಸೇರಿಸಲಾಯಿತು. ಮೊದಲ ವಾರ ಇಬ್ಬರು ಒದೆಸಿಕೊಂಡರು, ಅದನ್ನು ಗ್ರಾಮೀಣ ಅನುಭವ ಎಂದು ನಮೂದಿಸಿದೆ.

ಉಳಿದದ್ದು ಮಂಜೇಶನ ಪ್ರಕರಣ. ಅವನು ಆಫೀಸಿಗೆ ಬಂದು, ಹಾಗಾದ್ರೆ ನಾನೂ ಪಾಸಾದಂಗೇ ಅಲ್ವಾ ಎಂದು ಕೇಳಿದ. ಮನೆಯಿಂದ ಮರಕ್ಕೆ ಇಪ್ಪತ್ತು ಹೆಜ್ಜೆ ಮಾತ್ರ, ನಿಯಮದಲ್ಲಿರುವುದು ಕಿಲೋಮೀಟರ್ ಎಂದು ನಾನು ತಿಳಿಸಿದೆ.

"ಮರ ನಂದೇ ಸಾರ್," ಎಂದ.

"ಅದೇ ಕಣಯ್ಯ ತೊಂದ್ರೆ," ಎಂದರು ವೇಣುಗೋಪಾಲ್. "ಮನೇಲೇ ಬಿದ್ಕೊಂಡ್ರೆ ಅದು ವಿಹಾರ ಹೆಂಗಾಗುತ್ತೆ? ಮೂರು ಭಾನುವಾರ ಮುಗ್ದೋಯ್ತು. ನೀನು ಪಾಳಿಗೆ ಬಾ."

ಅವನ ಮುಖ ನೋಡಿ ನನಗೆ ನಿಜಕ್ಕೂ ಪಾಪ ಅನ್ನಿಸಿತು. ಆದರೂ ಆದೇಶದ ಮೂರು ಪ್ರತಿ ತೆಗೆದೆ.

ಮಂಜೇಶ ಭಾನುವಾರ ಪಾಳಿಗೆ ಬಂದ. ಮೌಲ್ಡಿಂಗ್ ಮೆಷಿನ್ ನಡೆಸಲು ನಾಲ್ಕು ಜನ ಬೇಕು, ಇದ್ದವನು ಅವನೊಬ್ಬನೇ. ಮಧ್ಯಾಹ್ನದವರೆಗೆ ಮೆಷಿನ್ ನೋಡಿದ, ಆಮೇಲೆ ಗೋಡೌನಿನಲ್ಲಿ ರಟ್ಟಿನ ಡಬ್ಬಗಳ ಮೇಲೆ ಮಲಗಿ ನಿದ್ದೆ ಹೋದ. ಅವನು ಬಾಯಿ ಬಿಟ್ಟು ಮಲಗಿದ್ದಾಗ ಗೇಟಿನ ಸೆಕ್ಯೂರಿಟಿ ದೇವರಾಜ್ ದೂರು ಕೊಡಲೆಂದು ಫೋಟೋ ತೆಗೆದ. ಸೋಮವಾರ ಫೋಟೋ ನನ್ನ ಮೇಜಿಗೆ ಬಂತು. ಹಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಅವಧಿ ನಾಲ್ಕು ಗಂಟೆ. ಮನೆಯಿಂದ ದೂರ ಇಪ್ಪತ್ತೆರಡು ಕಿಲೋಮೀಟರ್. ಸುತ್ತೋಲೆಯನ್ನು ಎಷ್ಟು ಸಲ ಓದಿದರೂ ತಪ್ಪು ಸಿಗಲಿಲ್ಲ. ಪೂರ್ಣ ಅಂಕ ಕೊಡಬೇಕಾಯಿತು.

ಹೀಗೇ ಎಂಟು ಭಾನುವಾರ ನಡೆಯಿತು. ಆ ಎಂಟರಲ್ಲಿ ಒಂದು ಭಾನುವಾರವೂ ತಪ್ಪದೆ ಸಂತೋಷವಾಗಿದ್ದ ಏಕೈಕ ಕಾರ್ಮಿಕನೆಂದು ಮಂಜೇಶನನ್ನು ಕ್ಯಾಂಟೀನಿನಲ್ಲಿ ಶಾಲು ಹೊದಿಸಿ ಸನ್ಮಾನಿಸಲಾಯಿತು. ಬಹುಮಾನವಾಗಿ ವೇಣುಗೋಪಾಲ್ ಅವರು ಹೊಂಗೆ ಮರದಡಿ ಮಲಗಲು ಒಂದು ಪಾಸು ಕೊಟ್ಟರು. ದೂರದ ನಿಯಮ ಮುರಿಯಬಾರದೆಂದು, ಅವನು ಮೊದಲು ಕಾರ್ಖಾನೆಗೆ ಬಂದು ಎಲ್ಲರ ಜೊತೆ ಕಂಪನಿ ಬಸ್ಸಿನಲ್ಲೇ ಹೋಗತಕ್ಕದ್ದು ಎಂದು ಷರತ್ತು ಸೇರಿಸಿದೆ.

ಆ ಭಾನುವಾರ ಮಂಜೇಶ ನಸುಕಿನಲ್ಲಿ ಹಾಲು ಕರೆದು, ಬಸ್ಸು ಹಿಡಿದು ಬಾಶೆಟ್ಟಿಹಳ್ಳಿಗೆ ಬಂದು, ಕಂಪನಿ ಬಸ್ಸು ಹತ್ತಿ ತನ್ನ ಮನೆಗೆ ಹೋದ. ಬಾಗಿಲಲ್ಲಿ ಅಮ್ಮಯಮ್ಮ ಪಾಸು ನೋಡಿದರು.

"ಹನ್ನೆರಡನೇ ನಂಬರು. ಚಾಪೆ ಆ ಕಡೆ ಐತೆ ನೋಡಪ್ಪಾ. ಮಂಚ ಮ್ಯಾನೇಜ್ರಿಗೆ."

ಅವನು ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಮಲಗಿ, ಎಲ್ಲರಿಗಿಂತ ಮೊದಲು ನಿದ್ದೆ ಹೋದ. ಸಂಜೆ ಎಲ್ಲರ ಜೊತೆ ಬಸ್ಸು ಹತ್ತಿ ಕಾರ್ಖಾನೆಗೆ ಮರಳಿ ಸಹಿ ಹಾಕಿ, ಅಲ್ಲಿಂದ ಮನೆಗೆ ಹೋದ. ಸೋಮವಾರ ಎಂಟಕ್ಕೆ ಮುಂಚೆಯೇ ಅವನ ವರದಿ ಬಂತು. "ಜಾಗ ಚೆನ್ನಾಗಿದೆ. ಊಟ ಚೆನ್ನಾಗಿತ್ತು. ನಮ್ಮ ಮನೆ ಇದ್ದ ಹಾಗೇ ಇದೆ" ಎಂದು ಬರೆದಿದ್ದ. ಕೆಳಗೆ ಇನ್ನೊಂದು ಪಾಸಿಗೆ ಅರ್ಜಿಯನ್ನೂ ಲಗತ್ತಿಸಿದ್ದ.

ಅರ್ಜಿಯನ್ನು ಸಮಿತಿ ಸಹಾನುಭೂತಿಯಿಂದ ಪರಿಗಣಿಸಿದೆ. ಸಾಲಿನಲ್ಲಿ ಅವನದು ಮೂವತ್ತೊಂದನೇ ಹೆಸರು.