ನಾಲ್ಕು ತೂತಿನ ಯುಎಸ್‌ಬಿ ಹಬ್ ಅವರಿಗೆ, ಅರ್ಧಕ್ಕೆ ನಿಂತ ಆನೆಯ ವಿಚಾರವಾಗಿ

...ಇಲ್ಲ, ಇದೂ ಸರಿಬರಲಿಲ್ಲ, ಕ್ಷಮಿಸಬೇಕು, ಮೂರನೇ ಸಲ ಮೊದಲಿನಿಂದ ಶುರು ಮಾಡುತ್ತಿದ್ದೇನೆ; ಹಿಂದಿನ ವಾಯ್ಸ್ ನೋಟಿನಲ್ಲಿ ಪಕ್ಕದ ಗ್ಯಾರೇಜಿನ ಸುತ್ತಿಗೆ ನನಗಿಂತ ಹೆಚ್ಚು ಮಾತಾಡಿಬಿಟ್ಟಿತ್ತು. ನಮ್ಮ ಮರಗೆಲಸದವರ ವಾಟ್ಸಾಪ್ ಗುಂಪಿನ ಬಂಧುಗಳೆಲ್ಲ ಕೇಳಿಸಿಕೊಳ್ಳಲಿ ಎಂದೇ ಇದನ್ನು ಬಹಿರಂಗವಾಗಿ ಹೇಳುತ್ತಿದ್ದೇನೆ.

ಲ್ಯಾಪ್‌ಟಾಪಿನ ಎಡಪಕ್ಕದಲ್ಲಿ ಗೇಣುದ್ದದ ಬಾಲದಿಂದ ನೇತಾಡುತ್ತಿರುವ ಮಾನ್ಯ ಯುಎಸ್‌ಬಿ ಹಬ್ ಅವರೇ,

ಬೆಳ್ಳೂರು ಕ್ರಾಸಿನ ಮರಗೆಲಸದ ಶೆಡ್ಡಿನಿಂದ ಶಿವಪ್ರಕಾಶಾಚಾರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ಮೂರು ದಿನದಿಂದ ನಾನು ತಮ್ಮನ್ನು ಬೇರೇನನ್ನೂ ಕೇಳಿಲ್ಲವಾದ್ದರಿಂದ ಆ ಭಾಗವನ್ನು ಬಿಡುತ್ತೇನೆ.

ತಮ್ಮ ಉಪಕಾರವನ್ನು ಮರೆಯುವವನು ನಾನಲ್ಲ. ನಮ್ಮ ಲ್ಯಾಪ್‌ಟಾಪಿಗೆ ಇದ್ದ ಎರಡು ತೂತುಗಳಲ್ಲಿ ಒಂದು ಮರದ ಹೊಟ್ಟು ತುಂಬಿ ತೀರಿಕೊಂಡು ವರ್ಷವಾಯಿತು. ಕೆತ್ತನೆ ಯಂತ್ರದ ವಯರು ಒಂದು, ಕೆತ್ತನೆಯ ಸಾಫ್ಟ್‌ವೇರಿಗೆ ಬೀಗದ ಕೈಯಂತಿರುವ ಪೆನ್‌ಡ್ರೈವು ಇನ್ನೊಂದು, ಎರಡೂ ಒಟ್ಟಿಗೆ ಚುಚ್ಚಿಕೊಂಡಿದ್ದರೆ ಮಾತ್ರ ಕೆಲಸ ನಡೆಯುವುದು. ಉಳಿದಿದ್ದ ಒಂದು ತೂತನ್ನು ನಾಲ್ಕು ಮಾಡಿಕೊಟ್ಟ ಪುಣ್ಯಾತ್ಮರು ತಾವು.

ಸಿಂಧಘಟ್ಟದ ಬೆಟ್ಟಮ್ಮನವರ ಹೊಸ ಮನೆಗೆ ನಾಳೆ, ಶುಕ್ರವಾರ, ಬೆಳಗ್ಗೆ ಏಳೂವರೆಯೊಳಗೆ ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವ ಪೂಜೆಯಿರುವುದು ತಮಗೂ ಗೊತ್ತಿತ್ತು. ತಮ್ಮ ಎದುರಿಗೇ ನಾನು ಹತ್ತು ಸಲ ಫೋನಿನಲ್ಲಿ ಒಪ್ಪಿಕೊಂಡಿದ್ದೇನೆ. ಚೌಕಟ್ಟಿನ ಮೇಲಿನ ತೇಗದ ಪಟ್ಟಿಯಲ್ಲಿ ನಡುವೆ ಲಕ್ಷ್ಮಿ, ಅಕ್ಕಪಕ್ಕ ಎರಡಾನೆ. ನಾಲ್ಕು ತಲೆಮಾರಿನಿಂದ ನಮ್ಮ ಮನೆಯವರು ಮಾಡಿದ ಒಂದು ಬಾಗಿಲೂ ಮುಹೂರ್ತ ತಪ್ಪಿಸಿಕೊಂಡದ್ದಿಲ್ಲ. ಮಂಗಳವಾರ ಲಕ್ಷ್ಮಿ ಮುಗಿದು, ಬಲಗಡೆಯ ಆನೆಯೂ ಮುಗಿದು, ಎಡಗಡೆಯದಕ್ಕೆ ಕಾಲು, ಬೆನ್ನು ಬಂದು ಇನ್ನೇನು ತಲೆ ಮೂಡಬೇಕು ಅನ್ನುವಾಗ ತಾವು ‘ಟುಡುಂ’ ಎಂದು ಕಣ್ಣು ಮುಚ್ಚಿದಿರಿ.

ತಮ್ಮ ಸೇವೆಯಲ್ಲಿ ನಾನು ಕೊರತೆ ಮಾಡಲಿಲ್ಲ. ಕಿತ್ತು ಮತ್ತೆ ಚುಚ್ಚಿದೆ. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಭಾರ ಹೆಚ್ಚಾಗಿ ತಮಗೆ ಕರೆಂಟು ಸಾಲದೇನೋ ಎಂದು, ನನ್ನ ಹೆಂಡತಿ ಮಂಗಳಮ್ಮ ತಮಗೆ ಸಿಕ್ಕಿಸಿದ್ದ ಪುಟ್ಟ ಫ್ಯಾನನ್ನು ಬಿಡಿಸಿದೆ. ಅದಕ್ಕೆ ಅವಳಾಡಿದ ಮಾತುಗಳನ್ನು ತಾವೂ ಕೇಳಿದ್ದೀರಿ. ನಾಗಮಂಗಲದ ಕಂಪ್ಯೂಟರ್ ಅಂಗಡಿಯ ಪ್ರಿಯಾಂಕ ಫೋನಿನಲ್ಲೇ ಹೇಳಿಕೊಟ್ಟಂತೆ ಡ್ರೈವರನ್ನು ತೆಗೆದು ಹೊಸದು ಹಾಕಿದೆ, ಕರೆಂಟು ಉಳಿಸಲು ತಮ್ಮನ್ನು ಮಲಗಿಸುವ ಯಾವುದೋ ಟಿಕ್ ಗುರುತನ್ನೂ ಅಳಿಸಿದೆ. ತಾವು ಐದು ನಿಮಿಷ ಸಭ್ಯರಾಗಿರುತ್ತಿದ್ದಿರಿ, ಯಂತ್ರ ಅದುರಿದ ಕೂಡಲೇ ಟುಡುಂ.

ನಿನ್ನೆ ಸಂಜೆ ಪ್ರಿಯಾಂಕಳಿಗೂ ಸಾಕಾಯಿತು. “ಅಣ್ಣಾ, ಆ ತೂತ್ನೊಳಕ್ಕೆ ಒಂದ್ಸಲ ಟಾರ್ಚ್ ಬುಟ್ಟು ನೋಡಿ, ಏನಾರ ಸೇರ್ಕಂಡೈತಾ?” ಎಂದಳು. ಬಿಟ್ಟು ನೋಡಿದೆ. ಒಳಗೆಲ್ಲ ಕೆಂಪು.

ಕಳೆದ ವಾರದ ಆಯುಧಪೂಜೆಯಲ್ಲಿ ಉಳಿ, ಕೊಡತಿ, ಗರಗಸಕ್ಕೆಲ್ಲ ಬೊಟ್ಟಿಟ್ಟು, ಅನ್ನ ಕೊಡುವ ತಮ್ಮನ್ನು ಬಿಟ್ಟರೆ ಹೇಗೆ ಎಂದು ನಾಲ್ಕು ತೂತಿಗೂ ಗಂಧ ಹಚ್ಚಿ, ಅದರ ಮೇಲೆ ಒಂದೊಂದು ಚಿಟಿಕೆ ಕುಂಕುಮವನ್ನು ಹೆಬ್ಬೆರಳಲ್ಲಿ ಒತ್ತಿದವನು ನಾನೇ. ಮಂಗಳಮ್ಮ ಫೋನು ಕಿತ್ತುಕೊಂಡು, “ಕೇಳುದ್ಯಾ ಪ್ರಿಯಾಂಕ, ಹಣೆಗೆ ಇಡಿ ಅಂದ್ರೆ ಮೂಗ್ನೊಳಕ್ಕೆ ತುಂಬವ್ರೆ ನಮ್ಮೆಜಮಾನ್ರು!” ಎಂದು ನಕ್ಕಳು. ತಪ್ಪು ನನ್ನದೇ, ಒಪ್ಪಿದೆ. ಆದರೂ ಕೇಳುತ್ತೇನೆ, ನಾವು ಇಟ್ಟ ಕುಂಕುಮವನ್ನು ಇದುವರೆಗೆ ಯಾವ ದೇವರೂ ನುಂಗಿದ್ದಿಲ್ಲವಲ್ಲ, ತಮಗೆ ಏನಾಗಿತ್ತು? ಮುಂದಿನ ಆಯುಧಪೂಜೆಯೊಳಗೆ ತಾವು ದಯಮಾಡಿ ಒಂದು ಹಣೆಯನ್ನು ಬೆಳೆಸಿಕೊಳ್ಳಬೇಕು. ಪ್ರಾಣ ಬಿಡುವುದೇ ಆದರೆ ಹಿಡಿದ ಆನೆಯನ್ನು ಮುಗಿಸಿ ಬಿಡಬೇಕು.

ಒಣ ಬ್ರಷ್ಷಿನಿಂದ ತಮ್ಮ ಮೂಗು ಉಜ್ಜಿದ್ದಾಯಿತು, ತಾವು ಎದ್ದಿರಿ. ಆದರೆ ಅಷ್ಟರಲ್ಲಿ ಯಂತ್ರಕ್ಕೆ ತಾನು ಎಲ್ಲಿ ನಿಲ್ಲಿಸಿದ್ದೆ ಎನ್ನುವುದೇ ಮರೆತುಹೋಗಿತ್ತು. ಆನೆಯ ತಲೆಗೆ ಹೋಗು ಎಂದರೆ ನೇರವಾಗಿ ಲಕ್ಷ್ಮಿಯ ಮುಖದ ಕಡೆ ಹೊರಟಿತು. ಕೆಂಪು ಗುಂಡಿ ಗುದ್ದಿ ದೇವಿಯನ್ನು ಉಳಿಸಿಕೊಂಡೆ. ಏಳು ವರ್ಷದಿಂದ ಕೆತ್ತನೆಗೆ ಉಳಿ ಹಿಡಿಯದ ಈ ಕೈಯಲ್ಲೇ ಇವತ್ತು ಬೆಳಗಿನಿಂದ ಆ ತಲೆ ಕೆತ್ತಿದ್ದೇನೆ. ಹೇಗಿದೆ ಎಂದು ಕೇಳಿದರೆ ಮಂಗಳಮ್ಮ, “ಸೊಂಡ್ಲು ಐತಲ್ಲ, ಬುಡಿ” ಅನ್ನುತ್ತಾಳೆ. ಬೆಟ್ಟಮ್ಮನವರು ಗೂಡ್ಸ್ ಆಟೋ ಹತ್ತಿ ಹೊರಟಿದ್ದಾರಂತೆ. ಅವರು ಬೇಡ ಎಂದರೆ ಇನ್ನೊಂದು ಪಟ್ಟಿಗೆ ಹೊತ್ತಿಲ್ಲ.

ಇಷ್ಟಾದರೂ ತಮ್ಮ ಬಾಲ ಬಿಡಲಾರದ,
ತಮ್ಮ ವಿಶ್ವಾಸಿ,
ಶಿವಪ್ರಕಾಶಾಚಾರಿ

ಇನ್ನೊಂದು ವಾಯ್ಸ್ ನೋಟು: ಬೆಟ್ಟಮ್ಮನವರು ಬಂದರು. ಪಟ್ಟಿಯ ಮುಂದೆ ಬಗ್ಗಿ ನಿಂತು ಬಹಳ ಹೊತ್ತು ನೋಡಿದರು. “ಆಚಾರ್ರೇ, ಬಲಗಡೀಕೆ ಆನೆ, ಸರಿ. ಎಡಗಡೀಕೆ ಎಮ್ಮೆ ಯಾಕೆ ನಿಲ್ಸಿದ್ದೀರಿ?” ಎಂದರು. ಅವರು ಅದರ ಕುತ್ತಿಗೆ ಸವರಿ, “ಇರ್ಲಿ ಬುಡಿ. ನಮ್ ಮನೆ ಎದ್ದಿದ್ದೇ ನಮ್ಮೆಮ್ಮೆ ಹಾಲಿನ್ ಮ್ಯಾಲೆ. ಆನೆ ಒಂದಿನಾನಾರ ಒಂದ್ ಲೋಟ ಕೊಟ್ಟದಾ? ಆ ಕಿವಿ ಎರಡೂವೆ ಒಸಿ ಚೂಪು ಮಾಡ್ಕೊಟ್ಬುಡಿ, ಕೊಂಬಾಯ್ತದೆ” ಎಂದರು. ಇದರ ಕೀರ್ತಿಯಲ್ಲಿ ತಾವು ಪಾಲು ಕೇಳಬಾರದಾಗಿ ವಿನಂತಿ. ಕೊಂಬು ಕೆತ್ತುವಷ್ಟು ಹೊತ್ತು ತಾವು ಮಂಗಳಮ್ಮನ ಫ್ಯಾನು ತಿರುಗಿಸಿಕೊಂಡು...

“ಆಚಾರ್ರೇ! ಆಟೋದೋನು ಹಾರನ್ ವಡೀತಾವ್ನೆ, ಆ ಫೋನ್ ಮಡಗಿ ಉಳಿ ಹಿಡೀರಿ!”

ಬಂದೆ ಬೆಟ್ಟಮ್ಮ, ಬಂದೆ. ಇಡ್ತೀನಿ.