ಸುಳ್ಳು ವಂಶಾವಳಿಯೂ ನಮ್ಮತ್ತೆಯೂ

ನಮ್ಮತ್ತೆಗೆ ಯಾರ ಹೆಸರೂ ನೆನಪಿರುವುದಿಲ್ಲ. ನಂಬರು ನೆನಪಿರುತ್ತದೆ. ಮುಳಬಾಗಿಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಫೋನುಗಳಿಗೆಲ್ಲ ಮೂರಂಕಿಯ ನಂಬರಿದ್ದ ಕಾಲ ಅದು. ಎಕ್ಸ್‌ಚೇಂಜಿನ ಆ ಹಳೇ ಬೋರ್ಡು ಗುಜರಿಗೆ ಹೋಗಿ ಎಷ್ಟು ವರ್ಷವಾಯಿತೋ, ಅತ್ತೆಯ ತಲೆಯೊಳಗೆ ಇನ್ನೂ ಕೆಲಸ ಮಾಡುತ್ತಿದೆ. ಮದುವೆ ಮನೆಯಲ್ಲಿ ಕಾಲಿಗೆ ಬಿದ್ದವರನ್ನು ಎತ್ತಿ ಮುಖ ನೋಡಿ, "ನೀನು ನೂರಾ ಹದಿನೆಂಟರ ಮೊಮ್ಮಗ ಅಲ್ವೇನೋ?" ಎನ್ನುತ್ತಾಳೆ. ಪಕ್ಕದಲ್ಲಿ ಕೂತವರ ಜೊತೆಗೂ ಟ್ರಂಕ್ ಕಾಲ್ ದನಿಯಲ್ಲೇ ಮಾತು. ಇಂಥವಳನ್ನು ಕರೆದುಕೊಂಡು ಸರ್ಕಾರಿ ಕಛೇರಿ ಸುತ್ತುವ ಯೋಗ ಯಾರಿಗೆ ಬೇಕು ಹೇಳಿ? ನನಗೆ ಬಂತು.

ಅಪ್ಪ, ಅಂದರೆ ಅತ್ತೆಯ ತಮ್ಮ, ತೀರಿಕೊಂಡು ವರ್ಷವಾಗಿತ್ತು. ಅಮ್ಮ ಅವರಿಗಿಂತ ಮೊದಲೇ ಹೋಗಿದ್ದಳು. ಶ್ರೀನಿವಾಸಪುರದ ಕಡೆ ಅಪ್ಪನ ಹೆಸರಿನಲ್ಲಿ ಮೂರೆಕರೆ ಮಾವಿನ ತೋಪಿತ್ತು. ಖಾತೆ ಮಾಡಿಸಿಕೊಳ್ಳಬೇಕು ಅಂತ ನಾಳೆ ನಾಡಿದ್ದು ಎನ್ನುತ್ತಲೇ ಇದ್ದೆ. ಒಂದು ದಿನ ಪಹಣಿ ತೆಗೆಸಿದರೆ ಅದರಲ್ಲಿ ದಾಯಾದಿಯೊಬ್ಬನ ಹೆಸರು! ಅಪ್ಪನ ತಿಥಿಯಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡವನು. ಅವನು ಸಲ್ಲಿಸಿದ್ದ ವಂಶಾವಳಿಯ ನಕಲು ತೆಗೆಸಿದೆ. ಅಪ್ಪನಿಗೆ ಸಂತಾನವಿಲ್ಲ, ಒಡಹುಟ್ಟಿದವರಿಲ್ಲ, ಉಳಿದಿರುವ ಒಬ್ಬನೇ ವಾರಸುದಾರ ತಾನು ಎಂದು ಬರೆಸಿದ್ದ. ಕೆಳಗೆ ಸಾಕ್ಷಿಗಳ ಸಹಿ. ಕಛೇರಿಯವರಿಗೆ ಅನುಮಾನ ಬರದ ಹಾಗೆ ಕಾಗದವೆಲ್ಲ ಅಚ್ಚುಕಟ್ಟು. ಒಟ್ಟಿನಲ್ಲಿ ನಾನೂ ಹುಟ್ಟಿರಲಿಲ್ಲ, ಅತ್ತೆಯೂ ಹುಟ್ಟಿರಲಿಲ್ಲ.

ಅಳುತ್ತಾ ಹೋಗಿ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ಮೊದಲಿಂದ ಕೊನೆತನಕ ಓದಿ, "ಹುಟ್ಟದೇ ಇರೋಳಿಗೆ ನಮ್ಮ ಇಲಾಖೆ ಇಷ್ಟು ವರ್ಷ ಪೆನ್ಷನ್ ಕೊಟ್ಟಿದೆ ಕಣೇ, ಪಾಪ," ಅಂದಳು. ಮಾರನೆಯ ದಿನವೇ ನಮ್ಮ ಓಡಾಟ ಶುರುವಾಯಿತು.

ತನ್ನದೇ ಮಡಿಸುವ ಕುರ್ಚಿ ಒಂದನ್ನು ಅತ್ತೆ ಎಲ್ಲಾ ಕಛೇರಿಗೂ ಹೊತ್ತು ತರುತ್ತಿದ್ದಳು. ಕುರ್ಚಿ ಕೇಳಿದರೆ ಋಣ ಆಗುತ್ತದಂತೆ. ಸಿಟ್ಟು ಬಂದರೆ ಅವಳಿಗೆ ತೆಲುಗು ಬರುತ್ತದೆ. ಒಂದು ಕಡೆ ಕೌಂಟರಿನವರು ಸಾಹೇಬರು ಊಟಕ್ಕೆ ಹೋಗಿದ್ದಾರೆ ಅಂದಿದ್ದಕ್ಕೆ ಹತ್ತು ನಿಮಿಷ ತೆಲುಗಿನಲ್ಲಿ ಬಡಬಡಿಸಿದಳು. ಆತ ನಿಧಾನವಾಗಿ ತೆಲುಗಿನಲ್ಲೇ ಉತ್ತರ ಕೊಟ್ಟ. ಮಾತಿಗೆ ಮಾತು ಬೆಳೆದು ಅವನು ಇನ್ನೂರಾ ಆರರ ಅಳಿಯ ಎಂದು ತಿಳಿಯಿತು. ಆಮೇಲೆ ನನ್ನನ್ನು ಹೊರಗೇ ಬಿಟ್ಟು ಇಬ್ಬರೂ ಟೀ ಕುಡಿದರು!

ವಂಶಾವಳಿಯ ಎರಡನೇ ಸಾಕ್ಷಿಯ ವಿಳಾಸದ ಮೇಲೆ ಅತ್ತೆಯ ಬೆರಳು ನಿಂತಿದ್ದು ಅದೇ ವಾರ. "ಟೂ ಒನ್ ಟೂ," ಅಂದಳು. ಮುಳಬಾಗಿಲಿನಲ್ಲಿ ಮನೆ ಮಾಡಿಕೊಂಡು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಸಾಹೇಬರು. ಅಪ್ಪನಿಗಿಂತ ಮೊದಲೇ ತೀರಿಕೊಂಡವರು. ಅವರ ಮಗನ ಹತ್ತಿರ ಹೋದೆವು. ಅವರು ಕಾಗದ ನೋಡಿ, ಅಬ್ಬಾಗೆ ಉರ್ದು ಬಿಟ್ಟು ಬೇರೆ ಅಕ್ಷರವೇ ಬರುತ್ತಿರಲಿಲ್ಲ, ಇಲ್ಲಿ ನೋಡಿದರೆ ಕನ್ನಡದಲ್ಲಿ ಸಹಿ ಇದೆಯಲ್ಲ ಎಂದು ಬೆರಗಾದರು. "ಒಳ್ಳೇದೇ ಬಿಡಪ್ಪ," ಅಂದಳು ಅತ್ತೆ, "ಹೋದ ಮೇಲಾದರೂ ಕಲಿತರು." ಆ ಮಗ ನಗುತ್ತಾ ಕಣ್ಣೊರೆಸಿಕೊಂಡರು. ತಂದೆಯ ಮರಣ ಪ್ರಮಾಣ ಪತ್ರ ಹಿಡಿದು ಕೋಲಾರಕ್ಕೆ ನಮ್ಮ ಜೊತೆ ಬಂದು, ಖಾತೆ ರದ್ದು ಮಾಡಿ ಎಂದು ನಾವು ಹಾಕಿದ್ದ ಮೇಲ್ಮನವಿಯಲ್ಲಿ ಹೇಳಿಕೆ ಕೊಟ್ಟರು. ಅವರನ್ನು ನಾನು ಮರೆಯುವ ಹಾಗಿಲ್ಲ.

ಗೆದ್ದೆವು ಅಂದುಕೊಂಡೆ. ಆದರೆ ಮುಂದಿನ ವಿಚಾರಣೆಯಲ್ಲಿ ದಾಯಾದಿಯ ವಕೀಲರು ಎದ್ದು, ವಂಶಾವಳಿಯಲ್ಲಿ ತಪ್ಪಿರಬಹುದು, ಆದರೆ ಈಕೆ ತೀರಿಕೊಂಡವರ ಮಗಳೇ ಅಲ್ಲ ಎಂದರು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ನನ್ನನ್ನು ಹೆತ್ತವಳು ಅತ್ತೆ. ಎರಡು ಗಂಡಿನ ಮೇಲೆ ಹುಟ್ಟಿದ ನನ್ನನ್ನು, ಮಕ್ಕಳಿಲ್ಲದ ತಮ್ಮನ ಮಡಿಲಿಗೆ ನಾಮಕರಣದ ದಿನವೇ ಹಾಕಿದಳು. ನಮ್ಮ ಮನೆಯಲ್ಲಿ ಇದು ಗುಟ್ಟಲ್ಲ, ಆದರೆ ಯಾರೂ ಆಡುವ ಮಾತೂ ಅಲ್ಲ. ದತ್ತು ಪತ್ರ ನೋಂದಣಿ ಆಗಿತ್ತಂತೆ. ಅತ್ತೆ ಮನೆಯಲ್ಲೇ ಸಹಿ ಹಾಕಿದ್ದಳು, ನೋಂದಣಿಗೆ ಓಡಾಡಿದ್ದು ಅಪ್ಪ. ಎಲ್ಲಿ, ಯಾವ ವರ್ಷ ಎಂಬುದು ಅಪ್ಪನ ಜೊತೆಯೇ ಹೋಗಿತ್ತು.

ಹೊರಗೆ ಬಂದ ಮೇಲೆ ನಮ್ಮ ವಕೀಲರು ಸುಲಭದ ದಾರಿ ಹೇಳಿದರು. ದತ್ತು ವಿಚಾರ ಬಿಟ್ಟುಬಿಡೋಣ. ಮಕ್ಕಳಿಲ್ಲದವರ ಆಸ್ತಿ ಅಕ್ಕನಿಗೇ ಬರುತ್ತದೆ. ಅತ್ತೆಯ ಹೆಸರಿಗೆ ಮಾಡಿಸಿ, ಆಮೇಲೆ ಅವಳಿಂದ ನನಗೆ ಬರೆಸಿಕೊಂಡರಾಯಿತು. ನನಗೂ ಸರಿ ಅನ್ನಿಸಿತು. ಅತ್ತೆ ಕುರ್ಚಿ ಮಡಿಸುತ್ತಿದ್ದವಳು ನಿಲ್ಲಿಸಿದಳು.

"ಹಂಗಾದ್ರೆ ನಾನು ಏನಂತ ಬರ್ಕೊಡ್ಬೇಕು? ನನ್ನ ತಮ್ಮನಿಗೆ ಮಕ್ಕಳಿರಲಿಲ್ಲ ಅಂತಲಾ?"

ಹೌದು, ಬರೀ ಕಾಗದಕ್ಕೆ ಅಷ್ಟೇ ಎಂದರು ವಕೀಲರು.

"ಆ ಕಳ್ಳ ಬರೆದಿದ್ದೂ ಅದನ್ನೇ ಅಲ್ವಾ ಸ್ವಾಮಿ? ಕೊಟ್ಟ ಮಗೂನ ವಾಪಸ್ ಕಿತ್ಕೊಂಡಂಗಾಗುತ್ತೆ. ಅವನಿಗೆ ಮಗಳಿದ್ದಾಳೆ. ತೋಪು ಹೋದ್ರೂ ಹೋಗ್ಲಿ, ಅದೊಂದು ಮಾತು ನಾನು ಬರ್ಕೊಡಲ್ಲ."

ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಆಮೇಲೆ ಎರಡು ತಿಂಗಳು ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ ಎಂದು ಹಳೇ ನೋಂದಣಿ ಪುಸ್ತಕಗಳನ್ನು ಹುಡುಕಿಸಿದೆವು. ಮಂಡಿನೋವಿನ ಕಾಲನ್ನು ಎಳೆದುಕೊಂಡು ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೆ ಕೋಲಾರದಲ್ಲಿ ದತ್ತು ಪತ್ರ ಸಿಕ್ಕಿತು. ಕೊಟ್ಟವರ ಜಾಗದಲ್ಲಿ ಅತ್ತೆ, ಮಾವ. ತೆಗೆದುಕೊಂಡವರ ಜಾಗದಲ್ಲಿ ಅಪ್ಪ, ಅಮ್ಮ. ಅತ್ತೆ ಅಮ್ಮನ ಸಹಿಯ ಮೇಲೆ ಬೆರಳಾಡಿಸಿದಳು. ತನ್ನ ಸಹಿಯ ಹತ್ತಿರ ಬೆರಳು ಹೋಗಲಿಲ್ಲ.

ಆದೇಶ ನಮ್ಮ ಪರವಾಗಿ ಬಂತು. ದಾಯಾದಿಯ ಮೇಲೆ ಬೇರೆ ಕೇಸು ನಡೆಯುತ್ತಿದೆ. ಪಹಣಿಯಲ್ಲಿ ಈಗ ನನ್ನ ಹೆಸರಿದೆ, ಅಪ್ಪನ ಮಗಳು ಅಂತ.

ಅದನ್ನು ಹಿಡಿದು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಪಕ್ಕ ನಿಂತಿದ್ದೆ. ನಲವತ್ತು ವರ್ಷದಲ್ಲಿ ಮೊದಲ ಸಲ, "ಅಮ್ಮಾ," ಎಂದೆ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಬಸ್ಸು ಬರುವ ದಿಕ್ಕನ್ನೇ ನೋಡುತ್ತಾ, "ಅದು ಅವಳ ಜಾಗ ಕಣೇ. ಚೆನ್ನಾಗಿ ನೋಡ್ಕೊಂಡ್ಳು ನಿನ್ನ. ನನಗೆ ಅತ್ತೆ ಅಂದ್ರೆ ಸಾಕು," ಅಂದಳು.

ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಕೂತು, ನನ್ನ ಕೈಯನ್ನು ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮುಳಬಾಗಿಲು ಬರುವವರೆಗೂ ಬಿಡಲಿಲ್ಲ.