ಗುರುತಿಲ್ಲದವಳಂತೆ ಮೊಮ್ಮಗಳ ಹಿಂದೆ

ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ವಿದ್ಯೆ ನನಗೆ ಬರಲಿಲ್ಲ. ದುಃಖವನ್ನಾದರೆ ಹೇಗೋ ಸೆರಗಿನಲ್ಲಿ ಮುಚ್ಚಿಕೊಂಡೇನು. ಸಂತೋಷ ಮಾತ್ರ ಒಲೆಯ ಮೇಲಿನ ಹಾಲು. ಎದುರಿಗೆ ನಿಂತು ಕಾದರೂ ಉಕ್ಕಿಯೇ ಬಿಡುತ್ತದೆ. ಮಗ ಹುಟ್ಟಿದಾಗ ಧಾರವಾಡದ ನಮ್ಮ ಓಣಿಗೆಲ್ಲ ಎಷ್ಟು ಪೇಢೆ ಹಂಚಿಸಿದೆನೆಂದರೆ, ಬಾಣಂತಿಗೇ ಒಂದೂ ಉಳಿಯಲಿಲ್ಲ. ಬಾಣಂತಿ ನಾನೇ.

ಇಂಥ ನನಗೆ ಮೊಮ್ಮಗಳು ಶಾಲ್ಮಲಾ ಬಾಯಿಗೆ ಬೀಗ ಹಾಕಿದಳು. ಟೊರಾಂಟೊದಲ್ಲಿ ಇತಿಹಾಸ ಓದುವ ಹುಡುಗಿ. ೨೦೧೭ರ ಬೇಸಿಗೆಯಲ್ಲಿ ಒಂದು ಟೂರ್ ಕಂಪನಿಯ ಗೈಡ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅದೇ ಊರಿನ ಪೋರ್ಚುಗೀಸರ ಹಳೆಯ ಓಣಿಗಳಲ್ಲಿ ಹತ್ತು ಜನರನ್ನು ನಡೆಸುವುದು, ಅಂಗಡಿಗೊಂದು ತುತ್ತು ತಿನ್ನಿಸುವುದು, ಕಥೆ ಹೇಳುವುದು. ಮೊದಲ ಟೂರೇ ಪರೀಕ್ಷೆ. ಮಾಲಕಿ ಜೊತೆಗೇ ನಡೆದು ನೋಡುತ್ತಾಳೆ, ಒಪ್ಪಿದರೆ ಕೆಲಸ. ನಾನೂ ಬರುತ್ತೇನೆಂದು ಹಟ ಹಿಡಿದೆ. ಮಗ ಟೂರಿನ ಟಿಕೆಟ್ಟು ತೆಗೆಸಿದ.

“ಬಾ ಅಜ್ಜಿ. ಬಟ್ ಒನ್ ಕಂಡಿಶನ್. ನಾ ಯಾರೋ, ನೀ ಯಾರೋ. ಫ್ಯಾಮಿಲಿ ಅಂತ ಗೊತ್ತಾದ್ರ ಅನ್‌ಪ್ರೊಫೆಶನಲ್ ಕಾಣ್ತದ,” ಎಂದಳು.

“ಅಯ್ಯ, ಅಷ್ಟ ಹೌದಿಲ್ಲ? ನಿನ್ನ ಮಾರಿ ಸೈತ ನೋಡೂದಿಲ್ಲ ಬಿಡು.”

ನಮ್ಮ ಮನೆಯಿರುವ ಮಾಲ್ಟನ್ನಿನಿಂದ ಹೊರಟ ಬಸ್ಸಿನಲ್ಲೇ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಮೊದಲನೆಯ ಅಂಗಡಿಯಲ್ಲಿ ಉಪ್ಪು ಹಚ್ಚಿ ಒಣಗಿಸಿದ ಮೀನುಗಳನ್ನು ಬಡಿಗನ ಮನೆಯ ಹಲಗೆಗಳಂತೆ ಒಟ್ಟಿದ್ದರು. ನಾನು ಮೂಗಿಗೆ ಸೆರಗು ಹಿಡಿದು, ಕಣ್ಣಿನಿಂದಷ್ಟೇ ರುಚಿ ನೋಡಿದೆ. ಎರಡನೆಯದರಲ್ಲಿ ಗೋವಿನಜೋಳದ ಬ್ರೆಡ್ಡು ಸಿಕ್ಕಿತು. ಚಲೋ ಇತ್ತು, ಶೇಂಗಾ ಹಿಂಡಿ ಒಂದು ಇರಬೇಕಿತ್ತು. ಆದರೆ ಒಬ್ಬರಿಗೆ ಒಂದೇ ತುಂಡು! ಇಪ್ಪತ್ತು ವರ್ಷ ಖಾನಾವಳಿಯಲ್ಲಿ ರೊಟ್ಟಿ ಬಡಿದವಳು ನಾನು. ಎಲ್ಲರೂ ಬರಿದಾದ ತಟ್ಟೆ ಹಿಡಿದು ನಿಂತದ್ದು ಕಂಡು ಜೀವ ಚುರ್ ಎಂದಿತು. “ಶಾಲೂ, ಅವರಿಗೆ ಇನ್ನೊಂದ ಹಾಕ” ಎಂಬ ಮಾತು ಹಲ್ಲಿನ ತನಕ ಬಂತು. ನುಂಗಿದೆ. ಆ ದಿನ ನಾನು ಹೊಟ್ಟೆ ತುಂಬ ನುಂಗಿದ್ದೆಂದರೆ ಅದೊಂದೇ.

ಕೊನೆಗೆ ಬೇಕರಿ. ಒಡತಿ ನನ್ನಷ್ಟೇ ವಯಸ್ಸಿನ ಪೋರ್ಚುಗೀಸ್ ಮುದುಕಿ. ಹಿಂದೆ ಅವರ ದೇಶದ ಕಾನ್ವೆಂಟಿನ ಸಂನ್ಯಾಸಿನಿಯರು ತತ್ತಿಯ ಬಿಳಿ ಭಾಗದಿಂದ ಬಟ್ಟೆಗೆ ಗಂಜಿ ಹಾಕಿ, ಉಳಿದ ಹಳದಿಯಲ್ಲಿ ಸಿಹಿ ಮಾಡುತ್ತಿದ್ದರಂತೆ. ಶಾಲೂ ಅದನ್ನು ಕೈ ತಿರುಗಿಸುತ್ತ, ನಗಿಸುತ್ತ ಹೇಳಿದಳು. ಮುದುಕಿಯೊಡನೆ ಅವಳ ಭಾಷೆಯಲ್ಲೇ ಎರಡು ಮಾತಾಡಿದಳು. ಜನ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಅಷ್ಟೂ ಕಣ್ಣು ಒಂದು ಮಗುವಿನ ಮೇಲೆ! ನನ್ನ ಕೈ ನನ್ನ ಮಾತು ಕೇಳಲಿಲ್ಲ. ಮುಂದೆ ಹೋಗಿ, ಅವಳ ಮುಖ ನಿವಾಳಿಸಿ, ಹತ್ತೂ ಬೆರಳನ್ನು ನನ್ನ ಕಣತಲೆಗೆ ಒತ್ತಿ ಲಟಲಟ ಲಟಿಕೆ ಮುರಿದೆ. “ಯಾರ ದೃಷ್ಟಿನೂ ತಾಕದಿರಲಿ ನನ್ನ ಬಂಗಾರಿಗೆ!”

ಮಾಲಕಿಯ ಪೆನ್ನು ನಿಂತಿತು. ಈ ಹುಡುಗಿ ನಿಮಗೆ ಗೊತ್ತೇ ಎಂದು ಕೇಳಿದಳು. “ನೋ, ನೋ! ಬಸ್ಸಿನ್ಯಾಗ ನೋಡಿದ್ದೆ,” ಎಂದೆ. ಸುಳ್ಳಿನ ಕನ್ನಡದ ಅರ್ಧ ಅವಳಿಗೆ ತಿಳಿಯಲೂ ಇಲ್ಲ. ಶಾಲೂ ಕಣ್ಣು ಮುಚ್ಚಿ ತೆರೆದು, “ಶೀ ಈಸ್ ಮೈ ಅಜ್ಜಿ,” ಎಂದಳು. ಹೋಯಿತು, ಮೊಮ್ಮಗಳ ಕೆಲಸಕ್ಕೆ ನಾನೇ ಎಳ್ಳುನೀರು ಬಿಟ್ಟೆ ಎಂದುಕೊಂಡೆ.

ಆಗ ಬೇಕರಿಯ ಮುದುಕಿ ಗಲ್ಲೆ ದಾಟಿ ಬಂದು, ತನ್ನ ಕೊರಳ ಸರ ಎಳೆದು ನನಗೆ ತೋರಿಸಿದಳು. ಹೆಬ್ಬೆರಳನ್ನು ಬೆರಳ ನಡುವೆ ತೂರಿಸಿದ ಪುಟ್ಟ ಬಂಗಾರದ ಮುಷ್ಟಿ. ಅವರ ಕಡೆ ದೃಷ್ಟಿಗೆ ಅದೇ ಕಾವಲಂತೆ, ಅವಳ ಅಜ್ಜಿ ಕೊಟ್ಟದ್ದಂತೆ. ಜನ ಮುತ್ತಿಕೊಂಡರು. ಒದ್ದೆ ಕಣ್ಣಿನಲ್ಲೇ ಶಾಲೂ ಎರಡೂ ಊರಿನ ದೃಷ್ಟಿಯ ಕಥೆ ಹೇಳಿದಳು. ಯಾರೂ ಮನೆಗೆ ಹೊರಡಲೊಲ್ಲರು.

ಮೂರನೆಯ ದಿನ ಫೋನ್ ಬಂತು: ಕೆಲಸ ಸಿಕ್ಕಿತ್ತು. ಜೊತೆಗೆ ಗೈಡುಗಳ ನಿಯಮದ ಹಾಳೆಗೆ ಒಂದು ಸಾಲು ಹೊಸದಾಗಿ ಸೇರಿತ್ತು: ಗೈಡಿನ ಮನೆಮಂದಿ ಟೂರಿಗೆ ಬರಕೂಡದು. ಮಗ ಓದಿ ಹೇಳಿ, “ಅವ್ವಾ, ಇದು ನಿನ್ನ ಸಲುವಾಗೇ ಬರದದ್ದು, ನಾಚಿಕಿ ಆಗೂದಿಲ್ಲೇನ?” ಎಂದು ನಕ್ಕ. ನಾಚಿಕೆ ಎಲ್ಲಿಯದು? ಮೂರನೇ ಇಯತ್ತೆಗೆ ಪಾಟಿ ಬಿಸಾಕಿ ಬಂದವಳ ಸಲುವಾಗಿ ಒಂದು ಕಂಪನಿ ಇಂಗ್ಲಿಷಿನಲ್ಲಿ ಕಾಯಿದೆ ಮಾಡಿದೆ! ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಗುಡಿಯಲ್ಲಿ, ಬಸ್ಸಿನಲ್ಲಿ ಯಾರೇ ಸಿಗಲಿ, ನನ್ನ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತೇನೆ.